ಒಳಗೆ ಹೋಗಿ ಆಡಿ

ನಾನು ಈ ಮನೆಗೆ ಸೊಸೆಯಾಗಿ ಬಂದಾಗ
ಫ್ರೀಜರುಗಳು ಮೂರು.
ಮೊದಲನೆಯದರ ಮೈಮೇಲೆ ಇನ್ನೂ
ಅರ್ಧ ಕಿತ್ತ ಐಸ್‌ಕ್ರೀಂ ಕೋನಿನ ಚಿತ್ರ.
ವಿರಾಜಪೇಟೆಯಲ್ಲಿ ಬಾಗಿಲು ಹಾಕಿದ ಅಂಗಡಿಯಿಂದ
ಒಂಬತ್ತು ಸಾವಿರಕ್ಕೆ ಬಂದದ್ದು,
ಜೀಪಿನ ಹಿಂದೆ, ಗೊಬ್ಬರದ ಮೂಟೆಗಳ ನಡುವೆ.

ಅದು ಬಂದ ಕತೆ ನಾನು ಕಂಡದ್ದಲ್ಲ, ಕೇಳಿದ್ದು.
ಹೇಳುವವರು ಬದಲಾದಂತೆ ಕಡಂಬುಟ್ಟಿನ ಲೆಕ್ಕ ಬದಲಾಗುತ್ತದೆ:
ಆರುನೂರು ಎನ್ನುತ್ತಾರೆ ಅತ್ತೆ, ಸಾವಿರ ಎನ್ನುತ್ತಾರೆ ಮಾವ.
ಯಾರದೋ ಮದುವೆಗೆಂದು ಉಂಡೆ ಕಟ್ಟಿ
ಬೇಯಿಸಿ ಮುಗಿಸುವಷ್ಟರಲ್ಲಿ
ಗಂಡಿನ ಕಡೆಯ ಅಜ್ಜನೊಬ್ಬ ತೀರಿಕೊಂಡು
ಮುಹೂರ್ತ ಮುಂದೆ ಹೋಯಿತು.
ತುಂಬಿದ ಬುಟ್ಟಿಗಳ ಮುಂದೆ ಕೂತು ಅತ್ತೆ, ದೇಚವ್ವ,
ಅಳಲಿಲ್ಲವಂತೆ. ಅಂದರಂತೆ:
"ಅಜ್ಜನ ಹಾಗೆ ಇವನ್ನೂ ತಣ್ಣಗೆ ಮಲಗಿಸೋಣ.
ಎಬ್ಬಿಸಿದರೆ ಇವಾದರೂ ಎದ್ದಾವು."
ಅದೇ ಸಂಜೆ ಮಾವ ಜೀಪು ತೆಗೆದದ್ದು.

ಹನ್ನೆರಡನೆಯ ದಿನ ಆವಿಗೆ ಹಿಡಿದರೆ
ಎದ್ದವು, ಬಿಳಿಬಿಳಿ, ಮೆತ್ತಗೆ,
ಈಗಷ್ಟೇ ಸೆಕಲದಿಂದ ಇಳಿದಂತೆ.

ಆಮೇಲೆ ಬೆಳೆದದ್ದು ಬಳ್ಳಿಯ ಹಾಗಲ್ಲ,
ಸಾಲದ ಹಾಗೆ, ಕಂತು ಕಂತಾಗಿ.
ಗೋಣಿಕೊಪ್ಪದ ಎರಡು ಅಂಗಡಿ, ಕುಶಾಲನಗರದ ಬೇಕರಿ,
ಹುಣಸೂರು ದಾಟಿ ಮೈಸೂರು.
ಕಕ್ಕಡದ ಕಣಿಲೆ ಪುತ್ತರಿಗೂ ಸಿಗುವಂತಾಗಿ
ಊರ ಹಿರಿಯರೊಬ್ಬರು ಕೇಳಿದರು:
ಇನ್ನು ತಿಂಗಳುಗಳಿಗೆ ಏನು ಕೆಲಸ?

ಒಂದು ಜುಲೈಯಲ್ಲಿ ಲೈನು ಹರಿದು
ನಾಲ್ಕು ದಿನ ಕರೆಂಟಿಲ್ಲ.
ಮೀನಿನ ಮೊಯಿದು ಕಾಕ ಐಸು ಕೊಟ್ಟ, ದುಡ್ಡು ಕೇಳಲಿಲ್ಲ.
ಕಡಂಬುಟ್ಟಿಗೆಲ್ಲ ಮತ್ತಿಯ ವಾಸನೆ.
ಹಂದಿಗೂಡಿಗೆ ಸುರಿದೆವು.
ಕಡಂಬುಟ್ಟಿನ ಜೊತೆ ಹಂದಿ ತಿನ್ನುವುದು ನಾಡಿನ ರೂಢಿ;
ಹಂದಿಯೇ ಕಡಂಬುಟ್ಟು ತಿಂದ ವರ್ಷವೆಂದು
ನಮ್ಮ ಲೆಕ್ಕಪುಸ್ತಕದಲ್ಲಿ ಅದಕ್ಕೆ ಹೆಸರು.
ಮರುವರ್ಷ ಜನರೇಟರು.

ಕಾಫಿ ಒಣಗಿಸುವ ಕಣವನ್ನು ಅರ್ಧ ಅಗೆದು
ತಣ್ಣನೆಯ ಕೋಣೆ ಕಟ್ಟಿದೆವು.
ಬಿಸಿಲಿಗೆಂದೇ ಇದ್ದ ಜಾಗದಲ್ಲಿ ಮೈನಸ್ ಹದಿನೆಂಟು!
ಮಾವ ಇನ್ನೂ ಅದನ್ನು ಕ್ಷಮಿಸಿಲ್ಲ.
ನನ್ನ ಗಂಡ ಪೊಟ್ಟಣದ ಮೇಲೆ ಅವ್ವನ ಫೋಟೋ ಬೇಕೆಂದ.
"ನನ್ನ ಮುಖ ಆ ಚಳಿಯಲ್ಲಿ ಇಡಬೇಡಿ,
ಹಂದಿಯದ್ದು ಹಾಕಿ, ಅದು ಹೇಗೂ ಸತ್ತಿದೆ."
ಮೈದುನ ಉಂಡೆ ಕಟ್ಟುವ ಮಷೀನು ಬೇಕೆಂದ.
ಅಂಗೈಯಲ್ಲಿ ಹಿಟ್ಟು ಹೊರಳಿಸುತ್ತಲೇ ಚೋಮಿ ಕೇಳಿದಳು:
"ಅದು ಬಂದ ಮೇಲೆ ನಾವು ಹದಿನಾಲ್ಕು ಜನ
ಯಾವ ಪೊಟ್ಟಣದಲ್ಲಿ?"

ಜಗಳ ಅಡುಗೆಮನೆಗೆ ಬಂದ ದಿನ ಅತ್ತೆ ಸೌಟು ಎತ್ತಿ
ಕೋಣೆಯ ಉಕ್ಕಿನ ಬಾಗಿಲು ತೋರಿಸಿದರು:
"ಕಂಪೆನಿಯ ಮಾತು ಇಲ್ಲಿ ಬೇಡ. ಒಳಗೆ ಹೋಗಿ ಆಡಿ."

ಅಂದಿನಿಂದ ಅದೇ ಕಾನೂನು.
ಒಳಗಿನ ಕೋಟು ಎರಡೇ, ಹತ್ತು ನಿಮಿಷಕ್ಕಿಂತ
ಯಾರ ಹಟವೂ ನಿಲ್ಲದು.
ಗಾಜಿನ ಕಿಂಡಿಯಲ್ಲಿ ನೋಡುತ್ತೇನೆ.
ಮಾತು ಕೇಳಿಸುವುದಿಲ್ಲ, ಕಾಣಿಸುತ್ತದೆ:
ಅಪ್ಪನ ಬಾಯಿಂದೊಂದು ಹೊಗೆ, ಮಗನ ಬಾಯಿಂದೊಂದು,
ಬಟಾಣಿಯ ಮೂಟೆಗಳ ಮೇಲೆ ಬೆರೆತು
ಯಾರದು ಯಾವುದೆಂದು ತಿಳಿಯದು.
ಕೆಂಪು ಮೂಗು ಹೊತ್ತು ಹೊರಬಂದು
ಇಬ್ಬರೂ ಒಟ್ಟಿಗೇ ಕಾಫಿ ಕೇಳುತ್ತಾರೆ.

ಹೋದ ತಿಂಗಳು ಕೊಚ್ಚಿಯಿಂದೊಬ್ಬ ಬಂದ.
ಹೊಳೆವ ಬೂಟು. ನಮ್ಮ ಹೆಸರಿಗೂ ಕೋಣೆಗೂ
ಒಂದು ಬೆಲೆ ಬರೆದು ಕಾಗದ ಮುಂದಿಟ್ಟ.
ಸೊನ್ನೆಗಳನ್ನು ಮಾವ ಬೆರಳಲ್ಲಿ ಎಣಿಸಿದರು, ಎರಡು ಸಲ.
ಎಲ್ಲರೂ ಎದ್ದೆವು.
ಮೊದಲ ಸಲ ಅತ್ತೆಯೂ ಕಂಬಳಿ ಹೊದ್ದು ಬಂದರು,
ನನ್ನ ಕೈ ಹಿಡಿದು ಒಳಗೆ ಎಳೆದರು.

ಒಳಗೆ ಯಾರೂ ಮಾತಾಡಲಿಲ್ಲ.
ಅತ್ತೆ ಸಾಲು ಸಾಲಾಗಿ ಪೆಟ್ಟಿಗೆ ನೋಡಿದರು.
"ಮೂಲೆಯದ್ದು ತಲೆಕೆಳಗಾಗಿದೆ."
ಮೂವರು ಗಂಡಸರೂ ಒಟ್ಟಿಗೆ ಓಡಿ ನೆಟ್ಟಗಿಟ್ಟರು.
"ಎಷ್ಟಾಯಿತು?"
"ಆರು ನಿಮಿಷ" ಅಂದೆ, ಹಲ್ಲು ಕಟಕಟಿಸುತ್ತ.
"ಸಾಕು, ನಡೀರಿ. ಬೂಟಿನವನಿಗೆ ಊಟ ಹಾಕಿ.
ಇದೇ ಹಾಕಿ, ಫ್ರೀಜರಿನದ್ದು.
ಗೊತ್ತಾದರೆ ಮಾರೋಣ."

ಅವನು ಹನ್ನೊಂದು ತಿಂದ.